ಕರ್ನಾಟಕದಲ್ಲಿ ಶುಶ್ರೂಷಾ ಸಂಶೋಧನೆ ಮತ್ತು ರೋಗಿಯ ಆರೈಕೆ: ದೊಡ್ಡಬೆಳವಂಗಲದ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗಳ ಸ್ಥಾಪನೆ, ವೈದ್ಯರ ಸಾಧನೆ, ಔಷಧಗಳ ಆವಿಷ್ಕಾರ ಹಾಗೂ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಎಂಬ ನಾಲ್ಕು ದಾರಿಗಳಲ್ಲಿ ಸಾಗುತ್ತಾರೆ. ರೋಗಿಯ ಹಾಸಿಗೆಯ ಬಳಿ ಹಗಲಿರುಳು ನಿಂತವರ ಚರಿತ್ರೆ ಈ ನಾಲ್ಕರಲ್ಲಿ ಯಾವುದರೊಳಗೂ ಪೂರ್ಣವಾಗಿ ಸೇರುವುದಿಲ್ಲ. ದಾದಿಯರು ಸೇವೆಯ ಮೂರ್ತಿಗಳೆಂದು ಹೊಗಳಿಸಿಕೊಂಡಿದ್ದಾರೆ. ಆದರೆ ಅವರು ಕಂಡದ್ದು, ಎಣಿಸಿದ್ದು, ಬರೆದಿಟ್ಟದ್ದು ಜ್ಞಾನದ ಒಂದು ಆಕರವೆಂಬ ದೃಷ್ಟಿಯಿಂದ ಅವರ ಕಾರ್ಯವನ್ನು ಪರಿಶೀಲಿಸಿದ ಬರಹಗಳು ಕನ್ನಡದಲ್ಲಿ ವಿರಳ. ಆ ಕೊರತೆಯ ಒಂದಂಶವನ್ನು ತುಂಬುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲಾರ್ಥ ‘ಕೇಳುವ ಇಚ್ಛೆ’ ಎಂದು. ಗುರುವಿನ ಮಾತನ್ನು ಕೇಳಲು ಸಿದ್ಧನಾಗಿ ನಿಲ್ಲುವುದು ಎಂಬರ್ಥದಿಂದ ಸೇವೆ, ಅನಂತರ ರೋಗಿಯ ಆರೈಕೆ ಎಂಬರ್ಥಕ್ಕೆ ಅದು ವಿಸ್ತರಿಸಿತು. ಸಂಶೋಧನೆಯ ಮೊದಲ ಹೆಜ್ಜೆಯೂ ಕೇಳುವುದೇ ಆಗಿರುವುದರಿಂದ ಶುಶ್ರೂಷೆ ಮತ್ತು ಸಂಶೋಧನೆ ಎಂಬೆರಡು ಪದಗಳು ಪರಸ್ಪರ ದೂರದವಲ್ಲ. ಆದರೂ ಆಚರಣೆಯಲ್ಲಿ ಇವೆರಡನ್ನೂ ಬೇರ್ಪಡಿಸಿ, ಒಂದನ್ನು ಕೈಕೆಲಸವೆಂದೂ ಮತ್ತೊಂದನ್ನು ಬುದ್ಧಿಯ ಕೆಲಸವೆಂದೂ ಭಾವಿಸಲಾಯಿತು. ಈ ವಿಭಜನೆ ರೋಗಿಗೆ ಯಾವ ನಷ್ಟವನ್ನು ತಂದಿತು, ಅದು ಅಳಿದೆಡೆಗಳಲ್ಲಿ ಯಾವ ಲಾಭವಾಯಿತು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

ಈ ಅವಲೋಕನಕ್ಕೆ ದೊಡ್ಡಬೆಳವಂಗಲವನ್ನು ನೆಲೆಯಾಗಿ ಆರಿಸಿಕೊಳ್ಳಲು ಕಾರಣವಿದೆ. ಕಸಬಾ, ಮಧುರೆ, ಸಾಸಲು, ತೂಬಗೆರೆಗಳಂತೆ ಇದೂ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪೂರ್ವಕ್ಕೆ ಮಗ್ಗಗಳ ಊರಾದ ದೊಡ್ಡಬಳ್ಳಾಪುರ, ದಕ್ಷಿಣಕ್ಕೆ ಬೆಂಗಳೂರು ಮಹಾನಗರ, ಪಶ್ಚಿಮಕ್ಕೆ ತುಮಕೂರು ಜಿಲ್ಲೆಯ ನೆರೆ. ನಡುವೆ ರಾಗಿಯ ಹೊಲಗಳು ಮತ್ತು ಕೆರೆಗಳು. ಯಾವುದೇ ಪ್ರಸಿದ್ಧ ವೈದ್ಯಕೀಯ ಪ್ರಯೋಗದ ಹೆಸರಿನೊಡನೆ ಈ ಊರು ಜೋಡಣೆಗೊಂಡಿಲ್ಲ. ಆದರೆ ಬೆಂಗಳೂರು, ಬೆಳಗಾವಿ, ಬಳ್ಳಾರಿಗಳಲ್ಲಿ ನಡೆದ ಅಧ್ಯಯನಗಳ ಫಲ ಅಂತಿಮವಾಗಿ ಪರೀಕ್ಷೆಗೊಳಗಾಗುವುದು ಇಂತಹ ಹೋಬಳಿಗಳ ಉಪಕೇಂದ್ರಗಳಲ್ಲಿ, ಹೆರಿಗೆ ಕೊಠಡಿಗಳಲ್ಲಿ ಮತ್ತು ಮನೆಯ ಜಗಲಿಗಳಲ್ಲಿ. ಸಂಶೋಧನೆಯ ಸಾರ್ಥಕತೆಯನ್ನು ಅಳೆಯಲು ಹೋಬಳಿ ಕೇಂದ್ರಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯಲಾರದು.

ಪೂರ್ವಪೀಠಿಕೆ

ಭಾರತೀಯ ವೈದ್ಯಶಾಸ್ತ್ರದಲ್ಲಿ ಪರಿಚಾರಕನಿಗೆ ಸ್ಪಷ್ಟವಾದ ಸ್ಥಾನವಿತ್ತು. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂಬುದು ಅದರ ವಿಧಿ. ಇವುಗಳಲ್ಲಿ ಅರಿವಿಗೆ ಮೊದಲ ಸ್ಥಾನ ದೊರೆತಿರುವುದು ಗಮನಾರ್ಹ. ಕರ್ನಾಟಕದ ಶಾಸನಗಳಲ್ಲಿ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಅನ್ನದಾನದೊಡನೆ ರೋಗಿಗಳಿಗೆ ಚಿಕಿತ್ಸೆ ನೀಡುವ ತಾಣವಾಗಿಯೂ ಆ ಮಠವನ್ನು ವರ್ಣಿಸುತ್ತದೆ. ಮಠದಲ್ಲಿ ಔಷಧವಿದ್ದ ಮೇಲೆ ಅದನ್ನು ಅರೆದು ಕುಡಿಸಿದ ಕೈಗಳೂ ಇದ್ದಿರಲೇಬೇಕು; ಶಾಸನಗಳು ಆ ಕೈಗಳ ಹೆಸರನ್ನು ಬರೆಯುವುದಿಲ್ಲ.

ಗ್ರಾಮಗಳಲ್ಲಿ ಈ ಪರಂಪರೆಯನ್ನು ಉಳಿಸಿಕೊಂಡು ಬಂದವರು ಸೂಲಗಿತ್ತಿಯರು. ಅವರ ಅನುಭವ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಸಹಸ್ರಾರು ಹೆರಿಗೆಗಳ ಅನುಭವಕ್ಕೆ ರಾಷ್ಟ್ರದ ಮನ್ನಣೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಯಾವ ಹೆರಿಗೆಯಲ್ಲಿ ಏನಾಯಿತು, ಯಾವ ಉಪಾಯ ಫಲಿಸಿತು, ಯಾವುದು ವಿಫಲವಾಯಿತು ಎಂಬುದರ ಲಿಖಿತ ಲೆಕ್ಕ ಆ ಪರಂಪರೆಯಲ್ಲಿರಲಿಲ್ಲ. ಅನುಭವಕ್ಕೂ ಸಂಶೋಧನೆಗೂ ಇರುವ ಅಂತರ ಈ ಲೆಕ್ಕವೇ.

ಆ ಲೆಕ್ಕವನ್ನು ಶುಶ್ರೂಷೆಯ ಅಂಗವನ್ನಾಗಿ ಮಾಡಿದವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದ ದೀಪಧಾರಿಣಿಯೆಂದೇ ಅವರು ನಮ್ಮ ಶಾಲಾಪುಸ್ತಕಗಳಲ್ಲಿ ಪರಿಚಿತರು. ಆದರೆ ಅವರ ಬಾಳಿನ ಬಹುಪಾಲು ಶ್ರಮ ಅಂಕಿ ಅಂಶಗಳ ಮೇಲೆ ನಡೆಯಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು ನೇಮಕವಾದ ರಾಯಲ್ ಆಯೋಗದ ವರದಿ 1863ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಮುದ್ರಿತ ಪ್ರಶ್ನಾವಳಿಗಳನ್ನು ಸೈನಿಕ ಠಾಣ್ಯಗಳಿಗೆ ಕಳುಹಿಸಿ ಉತ್ತರ ತರಿಸಿಕೊಂಡು ನೈಟಿಂಗೇಲ್ ಅವರು ತಮ್ಮ ಅಭಿಪ್ರಾಯಗಳನ್ನು ಬರೆದರು. ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದ ಸಂಗತಿ ಆ ವಿಚಾರಣೆಯ ಕೇಂದ್ರವಾಗಿತ್ತು. ಬೆಂಗಳೂರು ದಂಡು ಪ್ರದೇಶವೂ ಅದರ ವ್ಯಾಪ್ತಿಯಲ್ಲಿತ್ತು. ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೆ ಬಜಾರಿನ ಕೊಳಚೆ ಹರಿದು ಸೇರುತ್ತಿದ್ದುದನ್ನು ಆಕೆ ಎತ್ತಿ ತೋರಿಸಿದರು. ಭಾರತಕ್ಕೆ ಒಮ್ಮೆಯೂ ಬಾರದ ಒಬ್ಬ ದಾದಿ, ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರಿಂದ ಕನ್ನಡನಾಡಿನ ಒಂದು ಕೆರೆಯ ನೀರಿನ ಸ್ಥಿತಿಯನ್ನು ಅರಿತರು. ಕರ್ನಾಟಕದ ನೆಲಕ್ಕೆ ಸಂಬಂಧಿಸಿದ ಶುಶ್ರೂಷಾ ವಿಚಾರಣೆಯ ಆರಂಭಬಿಂದುವನ್ನು ಇಲ್ಲಿ ಗುರುತಿಸಬಹುದು.

ಸಂಸ್ಥಾನ ಕಾಲದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನಲ್ಲಿ ಆಧುನಿಕ ಶುಶ್ರೂಷೆ ಬೇರೂರಿತು. ಗುಡ್ ಶೆಪರ್ಡ್ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದರು. 1898ರಲ್ಲಿ ಪ್ಲೇಗ್ ರೋಗವು ನಗರವನ್ನು ಹೊಕ್ಕಾಗ ರೋಗಿಗಳ ಬಳಿಗೆ ಹೋಗಲು ಧೈರ್ಯವಿದ್ದ ತರಬೇತಿ ಪಡೆದ ಕೈಗಳ ಅಭಾವ ಎಲ್ಲರಿಗೂ ಮನದಟ್ಟಾಯಿತು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತ ಕಾಲದಲ್ಲಿ ನಿರ್ಮಾಣಗೊಂಡ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿಯೂ, ಮಹಿಳೆಯರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ 1935ರಲ್ಲಿಯೂ ತೆರೆದವು. ಹಳ್ಳಿಗಳಿಗೆ ಈ ಕಟ್ಟಡಗಳು ದೂರದವಾಗಿದ್ದವು.

ಆ ದೂರವೆಷ್ಟಿತ್ತೆಂಬುದನ್ನು 1946ರ ಭೋರ್ ಸಮಿತಿಯ ವರದಿ ಅಂಕಿಗಳಲ್ಲಿ ತೋರಿಸುತ್ತದೆ. ಅಂದಿನ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯನಿದ್ದರೆ, 43,000 ಜನರಿಗೆ ಒಬ್ಬ ದಾದಿ ಇದ್ದಳು; ನಾಲ್ಕು ಲಕ್ಷ ಜನರಿಗೆ ಒಬ್ಬ ಆರೋಗ್ಯ ಸಂದರ್ಶಕಿ. ವೈದ್ಯರಿಗಿಂತ ದಾದಿಯರ ಸಂಖ್ಯೆ ಹಲವು ಪಟ್ಟು ಕಡಿಮೆಯಿದ್ದ ಈ ವ್ಯವಸ್ಥೆಯಲ್ಲಿ ರೋಗನಿರ್ಣಯವಾದರೂ ಆರೈಕೆ ಸಿಗುತ್ತಿರಲಿಲ್ಲ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ, 1950ರ ದಶಕದ ಆರಂಭದಲ್ಲಿ ಸಹಾಯಕ ದಾದಿ-ಸೂಲಗಿತ್ತಿಯರ ತರಬೇತಿ, 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಥಾಪನೆ, ಮೈಸೂರು ರಾಜ್ಯದಲ್ಲಿ ದಾದಿಯರು, ಸೂಲಗಿತ್ತಿಯರು ಹಾಗೂ ಆರೋಗ್ಯ ಸಂದರ್ಶಕಿಯರಿಗೆ ಸಂಬಂಧಿಸಿದ 1961ರ ಕಾಯ್ದೆ ಇವೆಲ್ಲವೂ ಆ ಕೊರತೆಗೆ ನೀಡಿದ ಉತ್ತರಗಳು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ನಂತರ ಸಹಾಯಕ ದಾದಿಯು ಹೆರಿಗೆಯ ಜೊತೆಗೆ ಹಲವು ರೋಗಗಳ ಕಾರ್ಯವನ್ನೂ ಹೊತ್ತ ಬಹೂದ್ದೇಶ ಕಾರ್ಯಕರ್ತೆಯಾದಳು. ಹೀಗೆ ಹೋಬಳಿಯ ಪ್ರತಿಯೊಂದು ಮನೆಯ ಬಾಗಿಲನ್ನೂ ತಟ್ಟುವ, ಕೈಯಲ್ಲಿ ದಾಖಲೆ ಪುಸ್ತಕ ಹಿಡಿದ ಒಬ್ಬ ಮಹಿಳೆ ನಮ್ಮ ಗ್ರಾಮಜೀವನದಲ್ಲಿ ಕಾಣಿಸಿಕೊಂಡಳು.

ಕ್ಷಯರೋಗ ಮತ್ತು ಮನೆಭೇಟಿ

ಮನೆಭೇಟಿಯು ಸಂಶೋಧನೆಯ ಸಾಧನವಾದದ್ದು ಮೊದಲಿಗೆ ಕ್ಷಯರೋಗದ ಕ್ಷೇತ್ರದಲ್ಲಿ. ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವು ಆರೋಗ್ಯಧಾಮದಲ್ಲಿ ಮಲಗಿಸಿ ನೀಡುವ ಚಿಕಿತ್ಸೆಗೂ ಮನೆಯಲ್ಲೇ ನೀಡುವ ಚಿಕಿತ್ಸೆಗೂ ಫಲದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ತೋರಿಸಿತು. ಮನೆಗೆ ಅನಿರೀಕ್ಷಿತವಾಗಿ ಹೋಗಿ ಮಾತ್ರೆಗಳನ್ನು ಎಣಿಸಿ, ಮೂತ್ರ ಪರೀಕ್ಷೆಯಿಂದ ಔಷಧ ಸೇವನೆಯನ್ನು ಖಚಿತಪಡಿಸಿಕೊಳ್ಳುವ ಕ್ರಮವಿಲ್ಲದಿದ್ದರೆ ಅಂತಹ ನಿರ್ಣಯಕ್ಕೆ ಆಧಾರವೇ ಇರುತ್ತಿರಲಿಲ್ಲ.

ಅದೇ 1959ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ಈ ಸಂಸ್ಥೆಯ ಎರಡು ಅಧ್ಯಯನಗಳು ಇಲ್ಲಿ ಪ್ರಸ್ತುತ. ಮೊದಲನೆಯದು, ದೊಡ್ಡಬೆಳವಂಗಲದ ನೆರೆಯ ತುಮಕೂರು ಜಿಲ್ಲೆಯಲ್ಲಿ ದೇಬಬರ್ ಬ್ಯಾನರ್ಜಿ ಹಾಗೂ ಸ್ಟಿಗ್ ಆ್ಯಂಡರ್ಸನ್ ನಡೆಸಿ 1963ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನ. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ರೋಗಿಗಳನ್ನೇ ಕೇಳಿದಾಗ ತಿಳಿದುಬಂದದ್ದು ಇದಕ್ಕೆ ವಿರುದ್ಧವಾಗಿತ್ತು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೆ ಹೋಗಿ ಬಂದಿದ್ದರು. ಕೊರತೆ ಇದ್ದದ್ದು ಜನರ ತಿಳಿವಳಿಕೆಯಲ್ಲಲ್ಲ, ಅವರ ಕೆಮ್ಮನ್ನು ಆಲಿಸದ ವ್ಯವಸ್ಥೆಯಲ್ಲಿ. ಕ್ಷಯ ಚಿಕಿತ್ಸೆಯು ಪ್ರತ್ಯೇಕ ಆಸ್ಪತ್ರೆಗಳಿಗೆ ಸೀಮಿತವಾಗದೆ ಸಾಮಾನ್ಯ ಆರೋಗ್ಯ ಸೇವೆಯ ಭಾಗವಾಗಬೇಕೆಂಬ ರಾಷ್ಟ್ರೀಯ ನೀತಿಗೆ ಈ ಶೋಧ ಆಧಾರವಾಯಿತು.

ಎರಡನೆಯದು, 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಗ್ರಾಮಗಳಲ್ಲಿ ನಾಲ್ಕು ಬಾರಿ ನಡೆದ ಸಮೀಕ್ಷೆ. ಮೊದಲ ಸುತ್ತಿನಲ್ಲಿ ಪತ್ತೆಯಾದ 126 ರೋಗಿಗಳಲ್ಲಿ ಐದು ವರ್ಷಗಳ ಬಳಿಕ ಶೇ. 49ರಷ್ಟು ಮಂದಿ ಮೃತಪಟ್ಟಿದ್ದರು, ಶೇ. 33ರಷ್ಟು ಮಂದಿ ತಾವಾಗಿಯೇ ಗುಣಮುಖರಾಗಿದ್ದರು, ಶೇ. 18ರಷ್ಟು ಮಂದಿ ಇನ್ನೂ ರೋಗವನ್ನು ಹರಡುವ ಸ್ಥಿತಿಯಲ್ಲಿದ್ದರು. ಸಂಘಟಿತ ಚಿಕಿತ್ಸೆ ಇಲ್ಲದ ಹಳ್ಳಿಯಲ್ಲಿ ಕ್ಷಯರೋಗ ಏನು ಮಾಡುತ್ತದೆ ಎಂಬುದಕ್ಕೆ ಪ್ರಪಂಚದ ಗ್ರಂಥಗಳು ಇಂದಿಗೂ ಉದಾಹರಿಸುವ ಅಂಕಿಗಳಿವು. ಇವುಗಳ ಹಿಂದೆ ಬೆಂಗಳೂರು ಸೀಮೆಯ ಹಳ್ಳಿಗಳ ಸಾವುಗಳಿವೆಯೆಂಬುದನ್ನು ನಮ್ಮ ಸ್ಥಳೀಯ ಚರಿತ್ರೆಕಾರರು ಮರೆಯುವಂತಿಲ್ಲ.

ಈ ತಂಡಗಳ ಕ್ಷೇತ್ರಕಾರ್ಯಕರ್ತರೆಲ್ಲರೂ ದಾದಿಯರಾಗಿರಲಿಲ್ಲ. ಆದರೆ ಅವರು ಬಳಸಿದ ವಿಧಾನ, ಅಂದರೆ ಮನೆಗೆ ಹೋಗುವುದು, ಹೆಸರು ಬರೆಯುವುದು, ಕೇಳುವುದು, ಮತ್ತೆ ಅದೇ ಮನೆಗೆ ಹೋಗುವುದು, ಸಾರ್ವಜನಿಕ ಆರೋಗ್ಯ ಶುಶ್ರೂಷೆಯದೇ ವಿಧಾನ. 1990ರ ದಶಕದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮವು ರೋಗಿಯು ಮಾತ್ರೆ ನುಂಗುವುದನ್ನು ಎದುರಿನಲ್ಲೇ ನೋಡುವ ಹೊಣೆಯನ್ನು ಉಪಕೇಂದ್ರದ ಸಹಾಯಕಿಯಂತಹವರಿಗೆ ವಹಿಸಿದಾಗ ಆ ವಿಧಾನವೇ ಚಿಕಿತ್ಸೆಯ ಅಂಗವಾಯಿತು.

ಮನೋರೋಗ: ದಾದಿಯ ಕೈಗೆ ಬಂದ ಚಿಕಿತ್ಸೆ

ಕ್ಷಯದ ಅಧ್ಯಯನಗಳಲ್ಲಿ ಶುಶ್ರೂಷೆಯ ವಿಧಾನವಿತ್ತು. ದಾದಿಯ ಆರೈಕೆಯೇ ಪರೀಕ್ಷೆಗೊಳಗಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಗಿ, ಆ ದಶಕದಲ್ಲೇ ದಾದಿಯರಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವನ್ನು ಒದಗಿಸಿತು. 1974ರ ಡಿಸೆಂಬರಿನಲ್ಲಿ ಈ ಸಂಸ್ಥೆ ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ ಒಂದುಗೂಡಿ ನಿಮ್ಹಾನ್ಸ್ ರೂಪುಗೊಂಡಿತು. ಮರುವರ್ಷದಿಂದ ಆರ್. ಎಲ್. ಕಪೂರ್ ಅವರ ನೇತೃತ್ವದಲ್ಲಿ ಸಮುದಾಯ ಮನೋವೈದ್ಯಕೀಯ ಘಟಕವು ಕಾರ್ಯಾರಂಭ ಮಾಡಿತು. ಬೆಂಗಳೂರಿನ ದಕ್ಷಿಣಕ್ಕಿರುವ ಸಕಲವಾರ ಗ್ರಾಮ ಅದರ ಗ್ರಾಮೀಣ ಕೇಂದ್ರವಾಯಿತು. ಚಿತ್ತವೈಕಲ್ಯವನ್ನೂ ಅಪಸ್ಮಾರವನ್ನೂ ಗುರುತಿಸಿ, ಔಷಧ ನಿಲ್ಲಿಸದಂತೆ ನೋಡಿಕೊಳ್ಳುವ ಕೆಲಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತೆಯರು ಕಲಿಯಬಲ್ಲರೆಂದು ಅಲ್ಲಿ ತಿಳಿಯಿತು.

ಇದೇ ಕಾಲದಲ್ಲಿ ಶೈಲಾ ಪೈ ಹಾಗೂ ಕಪೂರ್ ಕೈಗೊಂಡ ಅಧ್ಯಯನಮಾಲೆ ನಮ್ಮ ವಿಷಯಕ್ಕೆ ಅತ್ಯಂತ ಮಹತ್ವದ್ದು. 1981ರಲ್ಲಿ ಅವರು ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯುವ ಒಂದು ಸಂದರ್ಶನ ಪಟ್ಟಿಯನ್ನು ರೂಪಿಸಿದರು. ರೋಗಿಯ ಲಕ್ಷಣಗಳನ್ನು ಅಳೆಯುವ ಮಾಪಕಗಳು ಆಗ ಇದ್ದವು. ರೋಗಿಯನ್ನು ನೋಡಿಕೊಳ್ಳುವ ತಾಯಿ, ಹೆಂಡತಿ, ಅಣ್ಣ ಕಳೆದುಕೊಂಡ ಕೂಲಿ, ನಿದ್ರೆ ಹಾಗೂ ನೆಂಟಸ್ತಿಕೆಯನ್ನು ಅಳೆಯುವ ಕೋಲು ಇರಲಿಲ್ಲ. ಆ ಪಟ್ಟಿಯು ಇಂದಿಗೂ ಬಳಕೆಯಲ್ಲಿದೆ.

ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುವವರ ಎರಡು ಗುಂಪುಗಳನ್ನು ಹೋಲಿಸಲಾಯಿತು. ಪ್ರತಿ ಗುಂಪಿನಲ್ಲಿ 27 ರೋಗಿಗಳು. ಒಂದು ಗುಂಪು ಆಸ್ಪತ್ರೆಗೆ ದಾಖಲಾಯಿತು. ಇನ್ನೊಂದು ಗುಂಪು ಮನೆಯಲ್ಲೇ ಉಳಿದು, ಭೇಟಿ ನೀಡುವ ದಾದಿಯ ಮೂಲಕ ಚಿಕಿತ್ಸೆ ಪಡೆಯಿತು. ಆರು ತಿಂಗಳ ಬಳಿಕ ನೋಡಿದಾಗ ಮನೆಯಲ್ಲಿದ್ದವರ ರೋಗಲಕ್ಷಣಗಳು ಹೆಚ್ಚು ಇಳಿದಿದ್ದವು, ಅವರ ಸಾಮಾಜಿಕ ನಡವಳಿಕೆ ಉತ್ತಮವಾಗಿತ್ತು, ಕುಟುಂಬದ ಹೊರೆ ಬಹಳಷ್ಟು ತಗ್ಗಿತ್ತು, ವೆಚ್ಚವೂ ಕಡಿಮೆಯಾಗಿತ್ತು. 1985ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ದೀರ್ಘಕಾಲದ ಮನೋರೋಗಿಗಳು ಪದೇ ಪದೇ ಆಸ್ಪತ್ರೆ ಸೇರುವುದನ್ನು ತಡೆಯಲು ಮನೆಯಾರೈಕೆ ನೆರವಾಗುವುದೆಂಬ ವಿಷಯವನ್ನು ಕೈಗೆತ್ತಿಕೊಂಡಿತು. ಅದರ ಲೇಖಕರಲ್ಲೊಬ್ಬರಾದ ನಾಗರಾಜಯ್ಯ ಶುಶ್ರೂಷಾ ಕ್ಷೇತ್ರದವರು. ದಾದಿಯು ವೈದ್ಯರ ಸಂಶೋಧನೆಗೆ ಕೈನೆರವು ಮಾತ್ರ ನೀಡದೆ ಲೇಖಕರ ಸಾಲಿನಲ್ಲಿ ನಿಂತ ಅಪರೂಪದ ನಿದರ್ಶನವಿದು.

27 ಮಂದಿಯ ಗುಂಪು ಸಂಖ್ಯೆಯಲ್ಲಿ ಸಣ್ಣದೆಂಬ ಆಕ್ಷೇಪ ಸಾಧು. ಆದರೆ ಅದು ಎತ್ತಿದ ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೋಬಳಿಯಿಂದ ರೋಗಿಯನ್ನು ಕರೆತರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಊರವರ ಕಣ್ಣು ಮೂರನ್ನೂ ಎದುರಿಸಬೇಕಾದ ಕುಟುಂಬಕ್ಕೆ, ದಾದಿಯೊಬ್ಬಳು ಮನೆಗೆ ಬಂದರೆ ಸಾಕೆಂಬ ಶೋಧ ಒಂದು ಬಿಡುಗಡೆಯೇ ಸರಿ. ಸಕಲವಾರದ ಅನುಭವ 1985ರಿಂದ ಬಳ್ಳಾರಿ ಜಿಲ್ಲೆಯ ಪ್ರಯೋಗವಾಗಿ, 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೆಳೆಯಿತು. ಆದರೆ ಆ ಬೆಳವಣಿಗೆಯಲ್ಲಿ ಔಷಧ ಹಳ್ಳಿಗೆ ಹೋದಷ್ಟು ದೃಢವಾಗಿ ಮನೆಭೇಟಿಯ ದಾದಿ ಹೋಗಲಿಲ್ಲ. ಸಾಬೀತಾದ ಅಂಶದಲ್ಲಿ ಅರ್ಧ ಮಾತ್ರ ನೀತಿಯಾಯಿತು.

ಹೆರಿಗೆ ಕೊಠಡಿಯ ಅಳತೆ: ಬೆಳಗಾವಿಯ ಪ್ರಯೋಗ

ಹೆರಿಗೆಯ ನಂತರದ ರಕ್ತಸ್ರಾವವು ತಾಯಂದಿರ ಸಾವಿಗೆ ಪ್ರಮುಖ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು ಮತ್ತು ಚುಚ್ಚಲು ಬಲ್ಲವರು ಬೇಕು. ಮನೆಯ ಹೆರಿಗೆಯಲ್ಲಿ ಇವೆರಡೂ ದುರ್ಲಭ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು ಸುಮಾರು ಅರ್ಧದಷ್ಟು ಮಾತ್ರ.

ಈ ಹಿನ್ನೆಲೆಯಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡವು ಅಮೆರಿಕದ ಸಂಶೋಧಕರೊಡನೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ನಡೆಸಿತು. ಮನೆ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1,620 ಮಹಿಳೆಯರು ಅದರಲ್ಲಿ ಭಾಗವಹಿಸಿದರು. ಮಗು ಹುಟ್ಟಿದ ಕೂಡಲೇ ಬಾಯಿಯ ಮೂಲಕ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಅಥವಾ ಅದರಂತೆಯೇ ಕಾಣುವ ನಿಷ್ಕ್ರಿಯ ಮಾತ್ರೆಯನ್ನು ನೀಡಲಾಯಿತು. ಮಾತ್ರೆ ನೀಡಿದವರು, ಹೆರಿಗೆ ಮಾಡಿಸಿದವರು, ರಕ್ತಸ್ರಾವವನ್ನು ಅಳೆದವರು ಸಹಾಯಕ ದಾದಿಯರು. ಅಳತೆಗೆ ಅವರು ಬಳಸಿದ್ದು ತಾಯಿಯ ಕೆಳಗೆ ಹಾಸುವ, ತಳದಲ್ಲಿ ಅಳತೆಗೆರೆಗಳುಳ್ಳ ಚೀಲವಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಸು.

ಫಲಿತಾಂಶ 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚಿನ ರಕ್ತಸ್ರಾವವು ನಿಷ್ಕ್ರಿಯ ಮಾತ್ರೆ ಪಡೆದವರಲ್ಲಿ ಶೇ. 12 ಇದ್ದರೆ ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4 ಇತ್ತು. ತೀವ್ರ ರಕ್ತಸ್ರಾವವು ಶೇ. 1.2ರಿಂದ ಶೇ. 0.2ಕ್ಕೆ ಇಳಿದಿತ್ತು. ಪ್ರತಿ 18 ಮಹಿಳೆಯರಿಗೆ ಮಾತ್ರೆ ನೀಡಿದಾಗ ಒಂದು ರಕ್ತಸ್ರಾವವನ್ನು ತಡೆದಂತಾಗುತ್ತಿತ್ತು. ರಕ್ತಸ್ರಾವ ತಡೆಗಾಗಿ ಈ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಪ್ರಯೋಗವನ್ನು ಎರಡು ದೃಷ್ಟಿಗಳಿಂದ ನೋಡಬೇಕಾಗಿದೆ. ಒಂದು, ಅಳತೆಯ ಮಹತ್ವ. ಕಣ್ಣಂದಾಜಿನ ರಕ್ತಸ್ರಾವವು ನಿಜವಾದ ಪ್ರಮಾಣಕ್ಕಿಂತ ಗಣನೀಯವಾಗಿ ಕಡಿಮೆ ಎಂಬುದು ಅದೇ ತಂಡದ ಮತ್ತೊಂದು ಅಧ್ಯಯನದಲ್ಲಿ ತಿಳಿಯಿತು. ಬಟ್ಟೆಯಲ್ಲಿ ಇಂಗಿದ ರಕ್ತ ಕಣ್ಣಿಗೆ ಮೋಸ ಮಾಡುತ್ತದೆ. ಚೀಲದ ಗೆರೆಯನ್ನು ಓದುವ ದಾದಿ ತಾಯಿಯ ಸ್ಥಿತಿ ಕೈಮೀರುವ ಮೊದಲೇ ಅಪಾಯವನ್ನು ಗುರುತಿಸುತ್ತಾಳೆ. 2023ರಲ್ಲಿ ಪ್ರಕಟವಾದ, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಹಾಗೂ ತಾಂಜಾನಿಯಾಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಇಂತಹ ಅಳತೆಯ ಹಾಸಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಚಿಕಿತ್ಸೆಗಳನ್ನು ಒಟ್ಟಾಗಿ ನೀಡಿದಾಗ ತೀವ್ರ ದುಷ್ಪರಿಣಾಮಗಳು ಶೇ. 4.3ರ ಬದಲು ಶೇ. 1.6 ಆಗಿದ್ದವು. ಬೆಳಗಾವಿಯ ಹಳ್ಳಿಗಳಲ್ಲಿ ಸಹಾಯಕ ದಾದಿಯರು ಕೈಯಲ್ಲಿ ಹಿಡಿದದ್ದು ಇದೇ ಬಗೆಯ ಸಾಧನವನ್ನು.

ಎರಡನೆಯದು ನೀತಿಯ ಪ್ರಶ್ನೆ. ಅಧ್ಯಯನದಲ್ಲಿ ಪಾಲ್ಗೊಂಡವರಲ್ಲಿ ಅರ್ಧದಷ್ಟು ತಾಯಂದಿರಿಗೆ ದೊರೆತದ್ದು ಗುಣವಿಲ್ಲದ ಮಾತ್ರೆ. ಔಷಧದ ಪರಿಣಾಮ ಮನೆಹೆರಿಗೆಯಲ್ಲಿ ಇನ್ನೂ ಖಚಿತವಾಗಿರಲಿಲ್ಲ ಎಂಬುದು ಅದಕ್ಕೆ ಸಮರ್ಥನೆ. ಆದರೂ ಜ್ಞಾನಕ್ಕೆ ಬೆಲೆ ತೆತ್ತವರು ಯಾರು, ಫಲ ಪಡೆದವರು ಯಾರು ಎಂಬ ವಿಚಾರಣೆಯನ್ನು ಚರಿತ್ರೆ ಕೈಬಿಡಬಾರದು. ಕ್ಷಯದ 126 ಮಂದಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಸಂಶೋಧನೆಯಿಂದ ಸಿದ್ಧವಾದದ್ದು ಅದಕ್ಕೆ ನೆಲವಾದ ಹಳ್ಳಿಗೆ ಮರಳಿದಾಗ ಮಾತ್ರ ಆ ಋಣ ತೀರುತ್ತದೆ.

ದಾದಿಗೆ ದಾದಿಯೇ ಗುರು: ಬಳ್ಳಾರಿ ಮತ್ತು ಕಲಬುರಗಿ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಬಳಿಕ ಹೆರಿಗೆಗಳು ವೇಗವಾಗಿ ಆಸ್ಪತ್ರೆಗಳಿಗೆ ಸಾಗಿದವು. 2019-21ರ ಸಮೀಕ್ಷೆಯ ವೇಳೆಗೆ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು. ಆಗ ಪ್ರಶ್ನೆಯೂ ಬದಲಾಯಿತು: ತಾಯಿ ಆಸ್ಪತ್ರೆಯ ಬಾಗಿಲಿಗೆ ಬಂದಾಯಿತು, ಒಳಗೆ ಅವಳಿಗೆ ಸಿಗುವ ಆರೈಕೆ ಎಂತಹುದು?

ಉತ್ತರ ಕರ್ನಾಟಕದಲ್ಲಿ ರಾಜ್ಯ ಸರ್ಕಾರದೊಡನೆ ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಮನಿಟೋಬಾ ವಿಶ್ವವಿದ್ಯಾಲಯ ಮೊದಲಾದವು ಸೇರಿ ಕೈಗೊಂಡ ‘ಸುಕ್ಷೇಮ’ ಯೋಜನೆ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಬಳ್ಳಾರಿ ಹಾಗೂ ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತಲಾ 54ರ ಎರಡು ಗುಂಪುಗಳನ್ನಾಗಿ ಮಾಡಲಾಯಿತು. ಒಂದು ಗುಂಪಿನ ಕೇಂದ್ರಗಳಿಗೆ ವಿಶೇಷ ತರಬೇತಿ ಪಡೆದ ಮಾರ್ಗದರ್ಶಿ ದಾದಿಯರು ನಿಯತವಾಗಿ ಹೋಗಿ, ಅಲ್ಲಿಯ ದಾದಿಯರ ಪಕ್ಕದಲ್ಲಿ ನಿಂತು ಕೆಲಸ ಮಾಡಿ ತೋರಿಸಿದರು. ಹೆರಿಗೆಯ ಪ್ರತಿ ಹಂತದಲ್ಲಿ ಮಾಡಬೇಕಾದುದನ್ನು ನೆನಪಿಸುವಂತೆ ಪ್ರಕರಣ ಪತ್ರವನ್ನು ಹೊಸದಾಗಿ ರೂಪಿಸಲಾಯಿತು. ಮಾರ್ಗದರ್ಶನ ದೊರೆತ ಕೇಂದ್ರಗಳಲ್ಲಿ ಸಿದ್ಧತೆಯೂ ದಾದಿಯರ ತಿಳಿವಳಿಕೆಯೂ ಸುಧಾರಿಸಿದ್ದನ್ನು 2016ರಲ್ಲಿ ಪ್ರಕಟವಾದ ವರದಿ ದಾಖಲಿಸಿತು.

ತಪ್ಪು ಹುಡುಕುವ ತಪಾಸಣಾಧಿಕಾರಿಯ ಬದಲು ಜೊತೆಗೆ ನಿಲ್ಲುವ ಹಿರಿಯಳನ್ನು ಕಳುಹಿಸಿದ್ದು ಇಲ್ಲಿಯ ಹೊಸತನ. ಪ್ರಕರಣ ಪತ್ರವು ಮೇಲಧಿಕಾರಿಗೆ ಕಳುಹಿಸುವ ಲೆಕ್ಕವಾಗಿ ಉಳಿಯದೆ ಮುಂದಿನ ಹೆಜ್ಜೆಯನ್ನು ಸೂಚಿಸುವ ಸಾಧನವಾದದ್ದು ಇನ್ನೂ ಮುಖ್ಯ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ತಾಯಂದಿರ ಮರಣ ಪ್ರಮಾಣವು 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ರಸ್ತೆ, ಆ್ಯಂಬುಲೆನ್ಸ್, ಶಿಕ್ಷಣ, ಮದುವೆಯ ವಯಸ್ಸು ಮೊದಲಾದ ಅನೇಕ ಕಾರಣಗಳು ಇದರಲ್ಲಿ ಸೇರಿವೆ. ಹೆರಿಗೆ ಕೊಠಡಿಯ ಆರೈಕೆಯನ್ನು ಅವುಗಳಲ್ಲೊಂದಾಗಿ ಎಣಿಸುವುದು ನ್ಯಾಯ.

ಪದವಿ ಮತ್ತು ವಾರ್ಡಿನ ನಡುವಣ ಅಂತರ

ಶುಶ್ರೂಷಾ ಶಿಕ್ಷಣದಲ್ಲಿ ಸಂಶೋಧನೆಯ ಪ್ರವೇಶ ಮಂದಗತಿಯಲ್ಲಾಯಿತು. ಭಾರತದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಹಾಗೂ ವೆಲ್ಲೂರುಗಳಲ್ಲಿ, ಸ್ನಾತಕೋತ್ತರ ಶಿಕ್ಷಣ 1959ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಭಾರತೀಯ ಶುಶ್ರೂಷಾ ಸಂಶೋಧನಾ ಸಂಘ 1986ರಲ್ಲಿ ರೂಪುಗೊಂಡಿತು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ಕರ್ನಾಟಕವು ದೇಶದ ಶುಶ್ರೂಷಾ ಶಿಕ್ಷಣದ ಬಹುದೊಡ್ಡ ಕೇಂದ್ರವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಡಾಕ್ಟರೇಟ್ ಅಧ್ಯಯನಕ್ಕಾಗಿ ರಚಿಸಿದ ರಾಷ್ಟ್ರೀಯ ಒಕ್ಕೂಟಕ್ಕೂ ಇದೇ ವಿಶ್ವವಿದ್ಯಾಲಯ ಆಶ್ರಯವಾಯಿತು.

ಪ್ರತಿವರ್ಷ ಸಲ್ಲಿಕೆಯಾಗುವ ಸ್ನಾತಕೋತ್ತರ ಪ್ರಬಂಧಗಳ ಶೀರ್ಷಿಕೆಗಳನ್ನು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಯೋಜಿತ ಬೋಧನೆಯ ಮೊದಲು ಮತ್ತು ನಂತರ ಒಂದು ಗುಂಪಿನ ತಿಳಿವಳಿಕೆ ಎಷ್ಟು ಹೆಚ್ಚಿತೆಂದು ಪ್ರಶ್ನಪತ್ರಿಕೆಯ ಮೂಲಕ ಅಳೆಯುವ ಮಾದರಿ ಅವುಗಳಲ್ಲಿ ಹೇರಳ. ಕಲಿಸಿದರೆ ತಿಳಿಯುತ್ತದೆ ಎಂಬುದನ್ನು ಮತ್ತೆ ಮತ್ತೆ ಸಾಧಿಸುವುದರಿಂದ ರೋಗಿಗೆ ಆಗುವ ಪ್ರಯೋಜನ ಅಲ್ಪ. ಇಂಗ್ಲೆಂಡಿನಲ್ಲಿ ಡೊರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ವೃದ್ಧರ ಹಾಸಿಗೆಹುಣ್ಣುಗಳನ್ನು ಅಧ್ಯಯನ ಮಾಡಿ, ಬಳಕೆಯಲ್ಲಿದ್ದ ಲೇಪನಗಳಿಗಿಂತ ರೋಗಿಯನ್ನು ನಿಯತವಾಗಿ ಮಗ್ಗುಲು ಬದಲಿಸುವುದೇ ಮುಖ್ಯವೆಂದು ತೋರಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿದ ಲಿಂಡಾ ಐಕನ್ ಅವರ 2002ರ ಅಧ್ಯಯನವು ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುವುದನ್ನು ಕಂಡಿತು. ಮೊದಲನೆಯದು ಕೈಯ ಕೆಲಸದ ಪ್ರಶ್ನೆ, ಎರಡನೆಯದು ಆಡಳಿತಕ್ಕೆ ಹಾಕಿದ ಪ್ರಶ್ನೆ. ಎರಡೂ ವಾರ್ಡಿನಲ್ಲಿ ಹುಟ್ಟಿದವು. ನಮ್ಮ ವಾರ್ಡುಗಳಲ್ಲಿಯೂ ಪ್ರಶ್ನೆಗಳಿಗೆ ಬರವಿಲ್ಲ. ರೋಗಿಯ ಜೊತೆಗೆ ಬಂದ ಬಂಧುವೇ ಅರ್ಧ ದಾದಿಯಾಗಿರುವ ನಮ್ಮ ಆಸ್ಪತ್ರೆಗಳಲ್ಲಿ ಆ ಬಂಧುವಿನ ಕೆಲಸವನ್ನು ಅಳೆದವರೆಷ್ಟು ಮಂದಿ?

ದಾಖಲೆ ಪುಸ್ತಕಗಳ ಗತಿ

ಸಂಶೋಧಕರ ಮತ್ತು ಗ್ರಂಥಾಲಯಗಳ ಗಮನಕ್ಕೆ ತರಬೇಕಾದ ಇನ್ನೊಂದು ವಿಷಯವಿದೆ. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಪ್ರತಿ ಉಪಕೇಂದ್ರದ ಸಹಾಯಕಿಯೂ ಗರ್ಭಿಣಿಯರ, ಹೆರಿಗೆಗಳ, ಲಸಿಕೆಗಳ, ಜನನ ಮರಣಗಳ ದಾಖಲೆ ಪುಸ್ತಕಗಳನ್ನು ಬರೆಯುತ್ತಾ ಬಂದಿದ್ದಾಳೆ. ಒಂದು ಹೋಬಳಿಯ ಅರ್ಧ ಶತಮಾನದ ದಾಖಲೆಗಳು ಒಂದೆಡೆ ಉಳಿದಿದ್ದರೆ ಅಲ್ಲಿಯ ತಾಯಂದಿರ ವಯಸ್ಸು, ಶಿಶುಗಳ ತೂಕ, ಬರಗಾಲದ ವರ್ಷಗಳ ಸಾವು, ಬೇಸಾಯದಿಂದ ಕಾರ್ಖಾನೆಗೆ ಹೊರಳಿದ ಕುಟುಂಬಗಳ ಆರೋಗ್ಯ ಎಲ್ಲವನ್ನೂ ಓದಬಹುದು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ ಪ್ರಕಟಿಸಿದ್ದರಿಂದ ನಮಗೆ ದಾನ ನೀಡಿದ ಗೌಡರ ಹೆಸರುಗಳು, ಕಾದಾಡಿ ಮಡಿದ ವೀರರ ಹೆಸರುಗಳು ಉಳಿದವು. ಹೆರಿಗೆಯಲ್ಲಿ ಮಡಿದ ತಾಯಂದಿರಿಗೆ ಇರುವ ಶಾಸನವೆಂದರೆ ದಾದಿಯ ದಾಖಲೆ ಪುಸ್ತಕ ಒಂದೇ. ಅವಧಿ ಮುಗಿದ ಕಡತವೆಂದು ಅದನ್ನು ರದ್ದಿಗೆ ಹಾಕಿದರೆ ಆ ಶಾಸನ ಮತ್ತೆ ದೊರೆಯುವುದಿಲ್ಲ. ದಾಖಲೆಗಳು ಗಣಕಯಂತ್ರಕ್ಕೆ ಸಾಗುತ್ತಿರುವ ಈ ಕಾಲದಲ್ಲಿ ಹಳೆಯ ಪುಸ್ತಕಗಳನ್ನು ವ್ಯಕ್ತಿಗಳ ಗೋಪ್ಯತೆಗೆ ಧಕ್ಕೆ ಬಾರದಂತೆ ಜಿಲ್ಲಾ ಮಟ್ಟದಲ್ಲಿ ಸಂರಕ್ಷಿಸುವುದು ತುರ್ತು ಕಾರ್ಯ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಕರ್ನಾಟಕದ ಗ್ರಾಮೀಣ ಆರೋಗ್ಯದ ಪ್ರಮುಖ ಶೋಧಗಳು ರೋಗಿಯನ್ನು ಅವನ ನೆಲೆಯಲ್ಲೇ ಕಂಡು ಕೇಳಿದ್ದರಿಂದ ಸಾಧ್ಯವಾದವು. ಆ ವಿಧಾನ ಶುಶ್ರೂಷೆಯದು. ಎರಡನೆಯದಾಗಿ, ಬೆಂಗಳೂರಿನ ಮನೆಯಾರೈಕೆಯಲ್ಲಿ, ಬೆಳಗಾವಿಯ ಹೆರಿಗೆಗಳಲ್ಲಿ, ಬಳ್ಳಾರಿ-ಕಲಬುರಗಿಗಳ ಕೇಂದ್ರಗಳಲ್ಲಿ ದಾದಿಗೆ ಅಳತೆಯ ಸಾಧನವನ್ನೂ ನಿರ್ಧಾರದ ಅವಕಾಶವನ್ನೂ ಒಟ್ಟಿಗೆ ನೀಡಿದಾಗ ಆರೈಕೆ ಸುಧಾರಿಸಿತು. ಅಳತೆಯನ್ನು ಮಾತ್ರ ನೀಡಿ ನಿರ್ಧಾರವನ್ನು ಬೇರೆಡೆ ಇಟ್ಟುಕೊಂಡಲ್ಲಿ ಅವಳು ಲೆಕ್ಕ ಬರೆಯುವ ಗುಮಾಸ್ತೆಯಾದಳು. ಮೂರನೆಯದಾಗಿ, ಈ ಅಧ್ಯಯನಗಳ ಲೇಖಕರ ಪಟ್ಟಿಗಳಲ್ಲಿ ದಾದಿಯರ ಹೆಸರುಗಳು ತೀರ ವಿರಳ. ಹೆಸರಿಲ್ಲದವರಿಗೆ ಮುಂದಿನ ಪ್ರಶ್ನೆಯನ್ನು ಕೇಳುವ ಅಧಿಕಾರವೂ ದೊರೆಯುವುದಿಲ್ಲ.

2018ರ ನಂತರ ಶುಶ್ರೂಷಾ ಪದವೀಧರರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಉಪಕೇಂದ್ರಗಳಿಗೆ ಬಂದಿರುವುದರಿಂದ, ಸಂಶೋಧನೆಯ ಶಿಕ್ಷಣ ಪಡೆದ ದಾದಿಯೊಬ್ಬಳು ಮೊದಲ ಬಾರಿಗೆ ಹಳ್ಳಿಯ ಮಟ್ಟದಲ್ಲಿ ನಿಯತವಾಗಿ ದೊರೆತಂತಾಗಿದೆ. ದೊಡ್ಡಬೆಳವಂಗಲದಂತಹ ಹೋಬಳಿಯಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಜನ ನಡುವೆಯೇ ಏಕೆ ನಿಲ್ಲಿಸುತ್ತಾರೆ, ಬಾಣಂತಿಯರು ಎಷ್ಟನೆಯ ದಿನ ಹೊಲಕ್ಕೆ ಅಥವಾ ಕಾರ್ಖಾನೆಗೆ ಮರಳುತ್ತಾರೆ, ಮನೋರೋಗಿಯ ತಾಯಿ ಯಾರ ಬಳಿ ಮಾತಾಡುತ್ತಾಳೆ ಎಂಬ ಪ್ರಶ್ನೆಗಳು ಅವಳ ದಿನಚರಿಯಲ್ಲಿ ಆಗಲೇ ಇವೆ. ಅವುಗಳಿಗೆ ಬಿಡುವು, ಮಾರ್ಗದರ್ಶನ ಮತ್ತು ಪ್ರಕಟಣೆಯ ಅವಕಾಶ ದೊರೆಯಬೇಕಾಗಿದೆ. ವಿಶ್ವವಿದ್ಯಾಲಯವು ಸ್ನಾತಕೋತ್ತರ ಪ್ರಬಂಧಗಳ ಒಂದು ಭಾಗವನ್ನಾದರೂ ಇಂತಹ ಪ್ರಶ್ನೆಗಳಿಗೆ ಮೀಸಲಿಟ್ಟು, ಫಲಿತಾಂಶವನ್ನು ಕನ್ನಡದಲ್ಲಿ ಆಯಾ ಆರೋಗ್ಯ ಕೇಂದ್ರಕ್ಕೆ ಮರಳಿಸುವ ನಿಯಮ ಮಾಡಿದರೆ, ಕೇಳುವ ಇಚ್ಛೆ ಎಂಬ ಮೂಲಾರ್ಥಕ್ಕೆ ನಮ್ಮ ಶುಶ್ರೂಷೆ ಇನ್ನಷ್ಟು ಹತ್ತಿರವಾದೀತು.